ಬಾಯಿ ಕಟ್ಟಿದ ಬಾವಿ

ಬಿದಿರಿನ ಗಳದ ತುದಿ ಎದುರಿನ ಗೋಡೆಗೆ ಇನ್ನೂ ಒಂದು ಮಾರು ಇರುವಾಗಲೇ ನಿಂತುಬಿಟ್ಟಿತು. ಪ್ರಾಣೇಶ ನೀರಿನ ಮೇಲಿನ ಕೊನೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಎಡಗೈಯಿಂದ ಗೋಡೆಯ ಕಬ್ಬಿಣದ ಬಳೆ ಹಿಡಿದುಕೊಂಡು, ಬಲಗೈಯನ್ನು ಭುಜ ಕಿತ್ತು ಬರುವಷ್ಟು ಚಾಚಿದ. ಎದುರಿನ ಗೋಡೆಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಅರ್ಧ ಮುಳುಗಿ ಅರ್ಧ ಮೇಲಿದ್ದ ಕಲ್ಲಿನ ಬಾಯಿ ಅರಳೆಲೆ, ಬೇವಿನೆಲೆ ಕಚ್ಚಿಕೊಂಡು ಹಟ ಹಿಡಿದ ಮಗುವಿನಂತೆ ಕೂತಿತ್ತು. ಹೆಚ್ಚಾದ ನೀರು, ಮೇಲೆ ತೇಲುವ ಕಸ ಎಲ್ಲ ಆ ಬಾಯಿಗೆ ಬಂದು, ಗೋಡೆಯೊಳಗಿನ ಮೋರಿಯಲ್ಲಿ ಹರಿದು, ಹೊರಗಿನ ತುಳಸಿ ತೋಟಕ್ಕೆ ಹೋಗಬೇಕು. ಮೋರಿ ಕಟ್ಟಿಕೊಂಡು ವಾರದ ಮೇಲಾಗಿತ್ತು. ಮಾಘ ಮುಗಿಯುತ್ತ ಬಂದಿತ್ತು, ಮೇಲಿನ ಅರಳಿಮರ ಇದ್ದಬದ್ದ ಎಲೆಯನ್ನೆಲ್ಲ ಬಾವಿಗೇ ಉದುರಿಸುತ್ತಿತ್ತು. ನೀರು ನಿಂತಲ್ಲೇ ನಿಂತು ಹಸಿರಾಗಿ, ಸಣ್ಣಗೆ ನಾರುತ್ತಿತ್ತು. ಗಳವನ್ನು ಇನ್ನೊಂದು ಗೇಣಾದರೂ ಮುಂದೆ ತಳ್ಳಬೇಕೆಂದರೆ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು. ಕೆಳಗಿನ ಮೆಟ್ಟಿಲು ನೀರಿನೊಳಗಿತ್ತು.

ಬೆಳಗ್ಗೆ ತಾಯಿ ತುಳಸಿಬಾಯಿ ತಾಮ್ರದ ಬಿಂದಿಗೆಯನ್ನು ಠಣ್ಣನೆ ಕಟ್ಟೆಯ ಮೇಲಿಟ್ಟು ಹೇಳಿದ್ದರು: "ನಾಳೆ ಏಕಾದಶಿ. ಈ ನೀರಾಗ ಮಡಿ ಹೆಂಗ ಮಾಡ್ಲೋ ಪ್ರಾಣ್ಯಾ? ಬಾಯಿ ಬಾಯಿನ ಕಟ್ಟ್ಯದ. ಯಂಕಣ್ಣ ಬರೂತನಕ ಕಾಯಾಕಾಗಂಗಿಲ್ಲ. ನೀನ ಇಳದು ತೆಗಿ." ಬಾವಿಗೂ ಬಾಯಿ ಎನ್ನುವ ಊರಿನಲ್ಲಿ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆದರೆ ಒಲೆಯ ಮುಂದಿದ್ದ ಹೆಂಡತಿ ನಕ್ಕಳೆಂದು ಪ್ರಾಣೇಶನಿಗೆ ಅನ್ನಿಸಿ, ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಪ್ರತಿವರ್ಷ ಎಲೆ ತೆಗೆಯುವವನು ಯಂಕಣ್ಣ. ಅವನು ಮಗಳ ಮದುವೆಯ ಮಾತಿಗೆಂದು ಹಿರೇಕೊಟ್ನೆಕಲ್ಲಿಗೆ ಹೋದವನು ಬಂದಿರಲಿಲ್ಲ. "ಆಗಲಿ ಅವ್ವಾ" ಎಂದ ಪ್ರಾಣೇಶ. ಹಾಗೆನ್ನದೆ ಇನ್ನೇನು ಅನ್ನುವುದು? ರಾಯಚೂರಿನಲ್ಲಿ ಓದುವಾಗ ಮಾವಿನಕೆರೆಯನ್ನು ಈ ದಂಡೆಯಿಂದ ಆ ದಂಡೆಗೆ ಈಜುತ್ತಿದ್ದೆನೆಂದು ಮದುವೆಯ ಹೊಸತರಲ್ಲಿ ಹೇಳಿದವನು ಅವನೇ. ಈಗ ಕಿವಿ ನೋವು, ನೀರು ಹೋದರೆ ಕೀವಾಗುತ್ತದೆ, ಅದಕ್ಕೇ ಬಿಟ್ಟಿದ್ದೇನೆ ಎಂದವನೂ ಅವನೇ. ಇವತ್ತು ಹೆಂಡತಿಗೆ ಗೊತ್ತಾಗಿಬಿಡುತ್ತದೆ ಎನ್ನುವುದೊಂದೇ ಅವನ ತಲೆಯಲ್ಲಿ ಬೆಳಗಿನಿಂದ ಸುತ್ತುತ್ತಿತ್ತು.

ಮಾವಿನಕೆರೆಗೆ ಅವನು ಇಳಿದದ್ದು ಒಂದೇ ಸಲ. ವಾರಾನ್ನದ ಮನೆಯ ಹುಡುಗರು ಅವನ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೂಕಿದ್ದರು. ಕಟ್ಟಿದ ಹಗ್ಗ ಸಡಿಲಾಗಿ ಬುರುಡೆ ನಡುವಿನಿಂದ ತೊಡೆಗೆ, ತೊಡೆಯಿಂದ ಕಾಲಿಗೆ ಜಾರಿ, ಕಾಲು ಮೇಲಾಗಿ ತಲೆ ಕೆಳಗಾಯಿತು. ಹುಡುಗರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಮುಗಿದ ಮೇಲೆಯೇ ಅವನನ್ನು ಎಳೆದರು. ಆ ನಗು ನೀರಿನೊಳಗಿಂದ ಹೇಗೆ ಕೇಳಿಸಿತ್ತೆಂಬುದು ಇವತ್ತಿಗೂ ನೆನಪಿದೆ. ಎಲ್ಲೋ ಪಕ್ಕದ ಮನೆಯಲ್ಲಿ ಹಬ್ಬ ನಡೆದ ಹಾಗೆ. ಈಗಲೂ ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಳ್ಳುವಾಗ ಅವನು ಉಸಿರು ಬಿಗಿಹಿಡಿಯುತ್ತಾನೆ. ತಾನು ಮಾಸ್ತರನಾಗಿರುವ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುವಾಗ, ಹೌಜಿಗೆ ಎಂದರೆ ತೊಟ್ಟಿಗೆ ನೀರು ತುಂಬುವ ನಳ ಒಂದು, ಖಾಲಿ ಮಾಡುವ ನಳ ಒಂದು ಎಂಬ ಲೆಕ್ಕ ಬಂದರೆ ಆ ಪುಟವನ್ನು ಹಾರಿಸುತ್ತಾನೆ.

"ಏನ್ ಮಾಸ್ತರ್ರ, ಮೀನ ಹಿಡ್ಯಾಕತ್ತೀರೇನು?"

ಮೇಲೆ ಕಟ್ಟೆಯ ಅಂಚಿನಿಂದ ಮೌಲಾಹುಸೇನನ ತಲೆ ಕಾಣಿಸಿತು. ಅದೇ ಶಾಲೆಯಲ್ಲಿ ಫಾರಸಿ ಕಲಿಸುವ ಗೆಳೆಯ. ವೈಷ್ಣವರ ಮನೆಯ ಮಾಸ್ತರ ಗಳ ಹಿಡಿದು ನೀರಿನ ದಂಡೆಯಲ್ಲಿ ಕೂತದ್ದು ಅವನಿಗೆ ಮೂರು ದಿನಕ್ಕಾಗುವಷ್ಟು ಖುಷಿ ಕೊಟ್ಟಿತ್ತು.

"ಗಳ ಸಣ್ಣದಾತು," ಎಂದ ಪ್ರಾಣೇಶ.

"ಹಾಂ, ಕುಣೀಲಾರದಾಕಿ ನೆಲ ಡೊಂಕ ಅಂದ್ಳಂತ. ಇಳೀರಿ ಮತ್ತ. ಎಳ್ಳಷ್ಟ ನೀರು ಅದ. ನಾನ ಇಳೀತಿದ್ದೆ ಖರೇ, ಆದ್ರ ನಿಮ್ಮವ್ವಾರು ಆಮ್ಯಾಲ ಬಾಯಿನ ತೊಳದು ಒಣಗಿ ಹಾಕ್ತಾರ." ತನ್ನ ಮಾತಿಗೆ ತಾನೇ ನಕ್ಕು ಮೌಲಾಹುಸೇನ ಸಂತೆಯ ಕಡೆ ಹೋದ. ಅವನ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಪ್ರಾಣೇಶ ಗಳವನ್ನು ಮೆಟ್ಟಿಲ ಮೇಲೆ ಮಲಗಿಸಿ, ಧೋತರದ ಚುಂಗು ಹಿಡಿದು ಒಂದು ಕಾಲನ್ನು ನೀರಿಗೆ ಚಾಚಿದ. ಹೆಬ್ಬೆರಳಿಗೆ ಒಂದು ಎಲೆ ತಣ್ಣಗೆ ಅಂಟಿತು. ಕಾಲು ಹಿಂದಕ್ಕೆ ಬಂತು. ಧೋತರ ಹೊಸದು, ಯುದ್ಧ ಮುಗಿದರೂ ಬಟ್ಟೆಯ ಕಂಟ್ರೋಲ್ ಮುಗಿದಿಲ್ಲ, ಇನ್ನೊಂದು ಧೋತರಕ್ಕೆ ಎಷ್ಟು ತಿಂಗಳು ಕಾಯಬೇಕೋ ಎಂದು ಮನಸ್ಸು ತಕ್ಷಣ ಒಂದು ಕಾರಣ ಹುಡುಕಿ ಕೊಟ್ಟಿತು. ಕಾರಣ ಹುಡುಕುವುದರಲ್ಲಿ ತನ್ನ ಮನಸ್ಸಿಗೆ ಸಮಾನರಿಲ್ಲ ಎಂದುಕೊಂಡು ಅವನಿಗೇ ಹೇಸಿಗೆಯಾಯಿತು.

ಹಿಂದೆ ಕೈಬಳೆಯ ಸದ್ದಾಯಿತು. ತಿರುಗುವ ಮೊದಲೇ ಗೊತ್ತಾಯಿತು, ಹೆಂಡತಿಯೇ. ಕೈಯಲ್ಲಿ ಬಿದಿರ ಬುಟ್ಟಿ, ಎರಡು ಹಗ್ಗದ ಸುರುಳಿ. ಅಹಲ್ಯಾಬಾಯಿ ಗಳವನ್ನು ನೋಡಿದಳು, ಎದುರಿನ ಕಲ್ಲಿನ ಬಾಯಿಯನ್ನು ನೋಡಿದಳು, ಗೋಡೆಯ ಬಳೆ ಹಿಡಿದು ಬೆಳ್ಳಗಾದ ಗಂಡನ ಬೆರಳುಗಳನ್ನು ನೋಡಿದಳು. ಆಮೇಲೆ ಬೇಗ ಬೇರೆ ಕಡೆ ನೋಡಿದಳು.

"ಕಿವಿ ಇನ್ನ ನೋಯ್ತದೇನ್ರಿ?"

"ಹೂಂ. ರಾತ್ರಿಯಿಂದ ಭಾಳ ಆಗ್ಯದ."

"ಹಂಗಿದ್ರ ನೀವು ಇಳೀಬ್ಯಾಡ್ರಿ. ನಾ ಹೋಗ್ತೀನಿ. ಬುಟ್ಟಿ ತೇಲಿ ಬಿಡ್ತೀನಿ, ತುಂಬಿದಾಗ ನೀವು ಹಗ್ಗ ಜಗ್ರಿ."

"ಹುಚ್ಚೇನು ನಿನಗ? ಯಾರರ ನೋಡಿದ್ರ?"

"ನೋಡಿದ್ರ ಏನಾತು, ಎಲಿ ತೆಗಿಯಾಕತ್ತೀನಿ, ಕಳವೇನ್ ಮಾಡಾಕತ್ತಿಲ್ಲ," ಎಂದು ಅವಳು ಬುಟ್ಟಿಗೆ ಕಟ್ಟಿದ ಒಂದು ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟೇ ಬಿಟ್ಟಳು. ಬೇಡ ಎಂದು ಗಟ್ಟಿಯಾಗಿ ಹೇಳಬೇಕೆಂದುಕೊಂಡ. ಹೇಳಿದರೆ ತಾನೇ ಇಳಿಯಬೇಕಾಗುತ್ತದೆ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. ಅವಳು ಕಚ್ಚೆ ಬಿಗಿದು, ಸೆರಗನ್ನು ನಡುವಿಗೆ ಸುತ್ತಿ ಸಿಕ್ಕಿಸಿ, ಕೂದಲಿಗೆ ಗಂಟು ಹಾಕಿ, ಸಂತೆಗೆ ಹೊರಟವಳಂತೆ ಮೆಟ್ಟಿಲಿಳಿದಳು. ಒಂದು, ಇನ್ನೊಂದು, ಮೊಣಕಾಲು, ನಡು. ಅಷ್ಟೇ. ಮುಂದಿನ ಮೆಟ್ಟಿಲಿಗೆ ಕಾಲಿಡುವ ಬದಲು ಮೈಯನ್ನೇ ನೀರಿಗೆ ಕೊಟ್ಟುಬಿಟ್ಟಳು. ಸದ್ದೇ ಆಗಲಿಲ್ಲ. ಎಲೆಗಳು ಎರಡೂ ಕಡೆ ಸರಿದು ದಾರಿ ಬಿಟ್ಟವು.

ಈ ಮನೆಗೆ ಬಂದ ವರ್ಷ ಒಮ್ಮೆ ಹೀಗೇ ಇಳಿದಿದ್ದಳು. ದೇವದುರ್ಗದ ಆಚೆ ಕೃಷ್ಣೆಯ ದಂಡೆಯ ಹಳ್ಳಿಯ ಹುಡುಗಿ, ನಡೆಯುವ ಮೊದಲು ಈಜಿದವಳಿರಬೇಕು. ಬೆಳಗಿನ ಹೊತ್ತು, ಸೂರ್ಯ ಅರಳಿಮರದ ಬುಡದಲ್ಲಿದ್ದ. ಅವನು ಸಂಧ್ಯಾವಂದನೆಗೆ ನೀರು ತರಲು ಬಂದವನು ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದ. ನೀರಿನಿಂದ ತಲೆಯೆತ್ತಿ, ಕೈ ಚಾಚಿ, "ಬರ್ರಿ, ನೀವೂ ಬರ್ರಿ" ಎಂದು ಕರೆದಿದ್ದಳು. ಅವಳ ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈ ಹಿಡಿದು, ಒಂದು ಗಳಿಗೆ ಹಾಗೇ ಇದ್ದು, ಬಿಡಿಸಿಕೊಂಡು, ಕಿವಿಯ ಕತೆ ಹೇಳಿದ. ಆಮೇಲೆ ಮನೆಗೆ ಬಂದು, ಧ್ವನಿ ಗಡಸು ಮಾಡಿಕೊಂಡು, ಈ ಮನೆಯ ಹೆಣ್ಣುಮಕ್ಕಳು ಈಜುವುದಿಲ್ಲ ಎಂದು ಹೇಳಿದ. ಅವಳು ಒದ್ದೆ ಕೂದಲು ಹಿಂಡುತ್ತ ಕೇಳಿಸಿಕೊಂಡಳು. ಮತ್ತೆಂದೂ ನೀರಿಗೆ ಇಳಿಯಲಿಲ್ಲ. ತನ್ನ ಮಾತು ನಡೆಯಿತೆಂದು ಆವತ್ತು ಅವನಿಗೆ ಗಂಡಸಾದಂತೆ ಅನ್ನಿಸಿತ್ತು. ಆದರೆ ಬಿಂದಿಗೆ ತುಂಬಲು ಬಂದಾಗಲೆಲ್ಲ ಅವಳು ನೀರನ್ನು ಒಂದು ಗಳಿಗೆ ನೋಡಿ ನಿಲ್ಲುವುದನ್ನು ಕಂಡಾಗ, ಹಕ್ಕಿಯ ರೆಕ್ಕೆ ಕತ್ತರಿಸಿ ಅದಕ್ಕೆ ಕಾಳು ಹಾಕುವವನು ತಾನು ಎಂದು ಎದೆಯಲ್ಲಿ ಕಲ್ಲು ಕೂತಂತಾಗುತ್ತಿತ್ತು. ಈಗ ಅದೇ ಹೆಂಗಸು, ಅಷ್ಟು ವರ್ಷ ಒಣಗಿ ಕೂತವಳು, ನಿನ್ನೆಯಷ್ಟೇ ಬಿಟ್ಟವಳಂತೆ ನೀರು ಸೀಳುತ್ತಿದ್ದಳು. ಏನನ್ನೂ ಮರೆತಿರಲಿಲ್ಲ. ಎಷ್ಟು ಚೆಂದ ಎಂದು ಅವನ ಮನಸ್ಸು ಅವನನ್ನು ಕೇಳದೆಯೇ ಅಂದಿತು.

ಎದುರಿನ ಗೋಡೆ ಮುಟ್ಟಿ, ಕಲ್ಲಿನ ಸಂದಿಗೆ ಎಡಗೈ ಬೆರಳು ಸಿಕ್ಕಿಸಿ, ಬಲಗೈಯಿಂದ ಎಲೆ ಬಾಚಿ ಬುಟ್ಟಿಗೆ ಹಾಕತೊಡಗಿದಳು. ಬುಟ್ಟಿ ತುಂಬಿದಾಗ "ಜಗ್ರಿ" ಎನ್ನುವಳು. ಅವನು ಎಳೆದು, ಮೆಟ್ಟಿಲ ಮೇಲೆ ಸುರಿದು, ಖಾಲಿ ಬುಟ್ಟಿಯನ್ನು ನೀರಿಗೆ ಬಿಡುವನು. ಅವಳು ನಡುವಿಗೆ ಕಟ್ಟಿಕೊಂಡಿದ್ದ ಇನ್ನೊಂದು ಹಗ್ಗದಿಂದ ಅದನ್ನು ತನ್ನ ಕಡೆ ಎಳೆದುಕೊಳ್ಳುವಳು. ಹೀಗೆ ಬುಟ್ಟಿ ಅವರಿಬ್ಬರ ನಡುವೆ ಹೋಗಿ ಬಂದು ಮಾಡಿತು. ಕೊಳೆತ ಎಲೆ, ಕಪ್ಪು ಕಾಡಿಗೆಯಂಥ ಕೆಸರು, ನಡುವೆ ಒಂದು ಹೂವಿನ ಹಾರದ ದಾರ. ಈ ಮನೆಯಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸ ಇದೇ ಮೊದಲನೆಯದೇನೋ ಎಂದು ಅವನಿಗೆ ಅನ್ನಿಸಿತು. ಅವಳ ಕೆನ್ನೆಯ ಮೇಲೆ ಒಂದು ಬೇವಿನೆಲೆ ಅಂಟಿತ್ತು. ಅವಳು ಒರೆಸಿಕೊಳ್ಳಲಿಲ್ಲ, ಕೈ ಬಿಡುವಿರಲಿಲ್ಲ.

"ಹೊರಗಿಂದೆಲ್ಲ ಬಂತ್ರಿ. ಒಳಗ ಮೋರ್ಯಾಗ ಬೂಚು ಬಡದಂಗ ಕುಂತದ. ಕೈ ಪೂರಾ ಹಾಕಬೇಕು," ಎಂದಳು. ಉಸಿರು ತುಂಬಿಕೊಂಡು, ಮುಖವನ್ನು ನೀರಿನಲ್ಲಿ ಅದ್ದಿ, ತೋಳನ್ನು ಭುಜದವರೆಗೆ ಆ ಕಲ್ಲಿನ ಬಾಯಿಯೊಳಗೆ ತೂರಿಸಿದಳು.

ಈಗ ಕೂದಲ ಗಂಟು ಮಾತ್ರ ಕಾಣುತ್ತಿತ್ತು. ಹಸಿರು ನೀರಿನ ಕೆಳಗೆ ಸೀರೆಯ ಬಣ್ಣ ಮಸುಕಾಗಿ ತೂಗಿತು, ಆಮೇಲೆ ತೂಗುವುದು ನಿಂತಿತು. ಪ್ರಾಣೇಶ ಹಗ್ಗ ಹಿಡಿದು ಎದ್ದು ನಿಂತ. ಕೆರೆಯಲ್ಲಿ ತನ್ನ ಕಾಲು ಮೇಲಾಗಿ ತಲೆ ಕೆಳಗಾದಾಗ ಎಷ್ಟು ಹೊತ್ತಾಗಿತ್ತು? ಆವತ್ತು ಯಾರಿಗೂ ಗೊತ್ತಾಗಲಿಲ್ಲ. ಕೈ ಸಿಕ್ಕಿಕೊಂಡಿರಬಹುದು. ಕರೆಯಬೇಕು. ಏನೆಂದು ಕರೆಯುವುದು? ಇಷ್ಟು ವರ್ಷ "ಏ", "ಇಲ್ನೋಡು", "ಕೇಳ್ತೇನು" ಎಂದೇ ಸಂಸಾರ ನಡೆದಿತ್ತು. ಹೆಂಡತಿಯ ಹೆಸರು ಹಿಡಿದು ಕರೆಯುವ ಗಂಡ ಅವರ ಓಣಿಯಲ್ಲಿ ಇರಲಿಲ್ಲ. ಮದುವೆಯಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಬಂಗಾರದ ಉಂಗುರದಿಂದ ಹೊಸ ಹೆಸರು ಬರೆ ಎಂದು ಪುರೋಹಿತರು ಹೇಳಿದ್ದರು. ಹುಡುಗಿಯ ತವರಿನ ಹೆಸರು ಸತ್ಯಭಾಮಾ. ಅದು ತುಳಸಿಬಾಯಿಯ ಅತ್ತೆಯ ಹೆಸರೂ ಆಗಿತ್ತು. ಅತ್ತೆಯ ಹೆಸರಿನ ಸೊಸೆಯನ್ನು ಬಯ್ಯುವುದು ಹೇಗೆ, ಪಾಪ? ಅದಕ್ಕೆ ಅವನು ಅಕ್ಕಿಯಲ್ಲಿ ಅಹಲ್ಯಾ ಎಂದು ಬರೆದಿದ್ದ. ಸತ್ಯಭಾಮೆಯನ್ನು ಅಳಿಸಿ, ಕಲ್ಲಾದವಳ ಹೆಸರು ಬರೆದೆನಲ್ಲ, ಎಂಥ ಕೈ ನನ್ನದು—

"ಭಾಮಾ!" ಎಂದು ಕೂಗಿದ. ಬಾವಿಯ ನಾಲ್ಕೂ ಗೋಡೆ ಸೇರಿ ಕೂಗಿದವು. ಮತ್ತೆ ಕೂಗಿದ. ಅವನಿಗೆ ತಿಳಿಯದೆಯೇ ಎರಡೂ ಪಾದ ನೀರಿನ ಅಂಚಿಗೆ ಬಂದು, ಅಲ್ಲೇ ನಿಂತಿದ್ದವು. ಮುಂದೆ ಹೋಗಲಿಲ್ಲ. ಅದನ್ನೂ ಅವನು ನೋಡಿದ.

ಗೋಡೆಯೊಳಗೆ ಎಲ್ಲೋ ಏನೋ ಕಳಚಿಕೊಂಡಿತು. ಮೊದಲು ಗೊರಕೆಯಂಥ ಸದ್ದು, ಆಮೇಲೆ ಗಳಗಳ ಎಂದು ನೀರು ಮೋರಿಗೆ ನುಗ್ಗಿತು. ಬಾವಿಯ ಮೇಲಿನ ಎಲೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ, ಸಾಲಾಗಿ ಹೊರಟವು. ಅವಳು ಗೋಡೆಗೆ ಕಾಲೊತ್ತಿ ತೋಳು ಕಿತ್ತುಕೊಂಡು, ತಲೆಯೆತ್ತಿ, ಬುಸ್ಸೆಂದು ಉಸಿರು ಬಿಟ್ಟಳು. ತೋಳು ಕಲ್ಲಿಗೆ ತರಚಿ ಕೆಂಪಾಗಿತ್ತು. ಮುಷ್ಟಿಯಲ್ಲಿ ಕರಿ ಜಡೆಯಂಥ ಎಲೆಯ ಉಂಡೆ. ಅದನ್ನು ಮೇಲೆತ್ತಿ ಅವನಿಗೆ ತೋರಿಸಿ ನಕ್ಕಳು. ಅಂಥ ನಗುವನ್ನು ಅವನು ಮನೆಯೊಳಗೆ ಕಂಡಿರಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಅವಳ ಮೇಲೆ ಅಭಿಮಾನ ಉಕ್ಕಿ ಬಂತು.

ಈಜಿ ಬಂದು ಅವನ ಕಾಲ ಬುಡದ ಕಲ್ಲು ಹಿಡಿದಳು. ನೀರಿನಲ್ಲೇ ಇದ್ದಳು.

"ಕರದ್ರೇನ್ರಿ ನೀವು? ನೀರಾಗ ಏನೋ ಕೇಳಸ್ತು."

"ಇಲ್ಲ... ಹೂಂ. ಕರದೆ."

"ಯಾವ ಹೆಸರ್ಲೆ ಕರದ್ರಿ ಗೊತ್ತದೇನು?" ಎಂದು ಕೇಳಿ, ಅವನ ಉತ್ತರಕ್ಕೆ ಕಾಯದೆ ಮುಖ ತಿರುಗಿಸಿ, ನೀರಿಗೇ ನಕ್ಕಳು.

ಅವನು ಮೆಟ್ಟಿಲ ಮೇಲೆ ಕೂತ. "ಆವತ್ತ ನಾ ಬ್ಯಾಡ ಅನ್ನಬಾರದಿತ್ತು. ನನ್ನ ಮಾತಿಗೆ ಇಷ್ಟ ವರ್ಷ ಬಿಟ್ಟಿ," ಎಂದ.

ಅವಳು ಅಚ್ಚರಿಯಿಂದ ನೋಡಿದಳು. "ನಿಮ್ಮ ಮಾತಿಗೆ ಬಿಟ್ಟೆ ಅಂತ ಮಾಡಿರೇನು? ನಮ್ಮಪ್ಪ ಬ್ಯಾಡಂದಾಗ ಬಿಟ್ಟಾಕಿ ಅಲ್ಲ ನಾ. ಹೊಳಿ ಕೆಂಪಗ ತುಂಬಿ ಬಂದಾಗ ಬಿಟ್ಟಾಕಿ ಅಲ್ಲ."

"ಮತ್ತ್ಯಾಕ ಬಿಟ್ಟಿ?"

ಅವಳು ಬೆರಳಿನಿಂದ ಕಲ್ಲಿನ ಪಾಚಿ ಕೆರೆದಳು. "ಕೈ ಹಿಡದಿದ್ರಲ್ಲ ಆವತ್ತ. ನಿಮ್ಮ ಕೈ ಥರಥರ ನಡಗತಿತ್ತು. ಕಿವಿ ನೋವಿಗೆ ಕೈ ಯಾಕ ನಡಗ್ತದ್ರಿ? ನಾ ದಿನಾ ಈಸಿದ್ರ, ಮಾಸ್ತರ್ರು ಯಾಕ ಇಳ್ಯಂಗಿಲ್ಲ ಅಂತ ದಿನಾ ಯಾರರ ಕೇಳವ್ರು. ನೀವು ದಿನಾ ಒಂದು ಸುಳ್ಳು ಹುಡುಕಬೇಕಾಕ್ಕಿತ್ತು. ಅದಕ್ಕ ಸುಮ್ಮಾದೆ."

ಇಷ್ಟನ್ನು ಅವಳು ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು. ತಾನು ಕತ್ತರಿಸಿದೆನೆಂದು ಕೊರಗಿದ ರೆಕ್ಕೆಯನ್ನು ಅವಳೇ ಮಡಚಿಟ್ಟುಕೊಂಡಿದ್ದಳು, ತನಗಾಗಿ. ತನ್ನ ದರ್ಪಕ್ಕೆ ಮಣಿದದ್ದಲ್ಲ. ತನ್ನ ಹೆದರಿಕೆಯನ್ನು ಹಸುಗೂಸಿನಂತೆ ಸೆರಗಿನಲ್ಲಿ ಕಟ್ಟಿಕೊಂಡು ಊರೆಲ್ಲ ಓಡಾಡಿದ್ದಳು, ಒಂದು ದಿನ ಜಗಳದಲ್ಲೂ ಅದನ್ನು ಎತ್ತಿ ಆಡದೆ. ಅವನಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು ಬಂತು. ಇಂಥವಳು ತನಗೆ ಹೇಗೆ ದಕ್ಕಿದಳು ಎಂಬ ಬೆರಗು ಅದು, ಅದರಲ್ಲಿ ನಾಚಿಕೆ ಎಲ್ಲೋ ಮೂಲೆ ಸೇರಿತು.

ಮೇಲಿನ ಮೆಟ್ಟಿಲಿನಲ್ಲಿ ಕೆಂಪು ಸೀರೆ ಕಾಣಿಸಿತು. ಬೋಳುತಲೆಯ ಮೇಲೆ ಸೆರಗೆಳೆದುಕೊಂಡು, ಬಿಂದಿಗೆ ಹಿಡಿದು, ತುಳಸಿಬಾಯಿ ಗೋಡೆ ಹಿಡಿದು ಇಳಿಯುತ್ತಿದ್ದರು. "ಸರೀರಿ, ಸರೀರಿ, ಮಡ್ಯಾಗಿದ್ದೀನಿ, ಮುಟ್ಟಬ್ಯಾಡ್ರಿ. ತ್ವಾಟದಾಗ ನೀರಿನ ಸಪ್ಪಳಾತು. ಯಾರು ತೆಗದ್ರು?"

ಅಹಲ್ಯಾಬಾಯಿ ಕುತ್ತಿಗೆಯವರೆಗೆ ನೀರಿಗೆ ಇಳಿದು, ಕಣ್ಣು ಮಿಟುಕಿಸದೆ ಹೇಳಿದಳು: "ಇವ್ರ ತೆಗದ್ರು ಅತ್ಯಾರ. ನಾ ಬುಟ್ಟಿ ಕೊಡಾಕ ಬಂದು ಕಾಲು ಜಾರಿ ಬಿದ್ದೆ."

ತುಳಸಿಬಾಯಿ ಮೆಟ್ಟಿಲು ನೋಡಿಕೊಂಡೇ ಇಳಿಯುತ್ತಿದ್ದರು, ಮಗನ ಕಡೆ ಇನ್ನೂ ನೋಡಿರಲಿಲ್ಲ. ಕಂಟ್ರೋಲಿನ ಹೊಸ ಧೋತರ ಗರಿಗರಿಯಾಗಿ ಒಣಗಿಯೇ ಇತ್ತು, ಅಂಚಿಗೆ ಬುಟ್ಟಿಯಿಂದ ಸಿಡಿದ ನಾಲ್ಕು ಹನಿ ಮಾತ್ರ. ಇನ್ನೂ ಹೊತ್ತು ಮೀರಿರಲಿಲ್ಲ. ಒಂದೇ ಮೆಟ್ಟಿಲು ಕೆಳಗಿಳಿದು ಕೂತರೆ ಧೋತರ ಒದ್ದೆಯಾಗುತ್ತಿತ್ತು, ಸುಳ್ಳಿಗೆ ಕಾಲು ಬರುತ್ತಿತ್ತು. ನೀರಿನೊಳಗಿಂದ ಹೆಂಡತಿಯ ಕಣ್ಣುಗಳೂ ಅದನ್ನೇ ಹೇಳುತ್ತಿದ್ದವು, ಇಳೀರಿ, ಬೇಗ ಇಳೀರಿ. ಪ್ರಾಣೇಶ ಕಾಲನ್ನು ಒಣ ಕಲ್ಲಿನ ಮೇಲೆ ಇನ್ನಷ್ಟು ಹಿಂದಕ್ಕೆಳೆದುಕೊಂಡ.

"ಇಕಿ ತೆಗದ್ಲು ಅವ್ವಾ. ನನಗ ಈಸಾಕ ಬರೂದಿಲ್ಲ."

ತುಳಸಿಬಾಯಿ ಬಿಂದಿಗೆ ಇಳಿಸಿದರು. "ಗೊತ್ತದಲ್ಲ," ಎಂದರು.

"ಏನ್ ಗೊತ್ತದ?"

"ಅಯ್ಯ, ನಿನಗ ಈಸಾಕ ಬರೂದಿಲ್ಲಂತ ನನಗ ಗೊತ್ತದ, ಯಂಕಣ್ಣಗ ಗೊತ್ತದ, ಆ ಫಾರಸಿ ಮಾಸ್ತರಗೂ ಗೊತ್ತದ. ತಲಿಗೆ ತಂಬಿಗಿ ನೀರು ಹಾಕ್ಕೊಳ್ಳಾಕ ಕಣ್ಣು ಮುಚ್ಚಿ ಧ್ಯಾನ ಮಾಡ್ತೀ. ಹಡದಾಕಿಗೆ ಗೊತ್ತಾಗಂಗಿಲ್ಲೇನು?"

"ಮತ್ತ ನನಗ್ಯಾಕ ಇಳಿ ಅಂದಿ?"

ತುಳಸಿಬಾಯಿ ಸೊಸೆಯ ಕಡೆ ನೋಡಲಿಲ್ಲ. ಸೆರಗನ್ನು ಹಣೆಯ ಮೇಲೆ ಸರಿಮಾಡಿಕೊಳ್ಳುತ್ತ ಹೇಳಿದರು: "ನಿನಗ ಇಳಿ ಅಂದ್ರ ಆಕಿ ಇಳೀತಾಳ ಅಂತ."

ಆಮೇಲೆ ಅವರು ಹೇಳಿದ್ದನ್ನು ತಾಯಿಯ ಬಾಯಲ್ಲಿ ಪ್ರಾಣೇಶ ಎಂದೂ ನಿರೀಕ್ಷಿಸಿರಲಿಲ್ಲ. ಸೊಸೆ ಬಂದ ವರ್ಷ ಒಂದು ಬೆಳಗ್ಗೆ ಮಾಳಿಗೆಯ ಮೇಲೆ ಹಪ್ಪಳ ಹಾಕಲು ಹೋದಾಗ ಅವಳು ಈಜುವುದು ಕಂಡಿತಂತೆ. ಹಪ್ಪಳ ಬಿಟ್ಟು ನೋಡುತ್ತ ನಿಂತರಂತೆ. ಮಾರನೆಯ ದಿನವೂ ಹೋದರಂತೆ, ಅದರ ಮಾರನೆಯ ದಿನವೂ. "ಬರಲೇ ಇಲ್ಲ. ಕೇಳೂದು ಹೆಂಗ? ಅತ್ತಿ ಆದಾಕಿ, ಈಸವ್ವಾ ನೋಡ್ತೀನಿ ಅಂತ ಹೆಂಗ ಕೇಳ್ಳಿ? ನಿಮ್ಮಪ್ಪ ಹೋದಾಗ ನನಗ ಇಪ್ಪತ್ತು, ತಲಿ ಬೋಳಿಸಿದ್ರು. ಅದಕಿಂತ ಮೊದಲೂ ನನಗ ನೀರು ಅಂದ್ರ ಬಿಂದಿಗ್ಯಾಗಿಂದ ಅಷ್ಟ." ಒಂದು ಒಣ ಕಲ್ಲನ್ನು ಕೈಯಿಂದ ಜಾಡಿಸಿ, ಮಗನಿಗೆ ಸೋಂಕದಂತೆ ಸೀರೆ ಮುದುಡಿಕೊಂಡು ಕೂತರು. "ಈಗ ಎಲಿ ಹೋಗಿ ನೀರು ಚೊಲೋ ಕಾಣಾಕತ್ತದ. ಒಮ್ಮೆ ಆ ದಂಡಿಗೆ ಹೋಗಿ ಬಾರವ್ವಾ."

ಅಹಲ್ಯಾಬಾಯಿ ಗಂಡನ ಮುಖ ನೋಡಲಿಲ್ಲ, ಅಪ್ಪಣೆ ಕೇಳಲಿಲ್ಲ. ಕಲ್ಲಿಗೆ ಕಾಲೊದ್ದು ಹೊರಟಳು. ಬಾವಿಯ ನಡುವಿಗೆ ಹೋಗಿ, ಒಮ್ಮೆ ಅಂಗಾತ ತೇಲಿ, ಮಗ್ಗುಲು ತಿರುಗಿ, ತಲೆ ಕೆಳಗೆ ಮಾಡಿ ಮುಳುಗಿದಳು. ಎರಡು ಅಂಗಾಲು ಬೆಳ್ಳಗೆ ಕಂಡು ಮಾಯವಾದವು. ನೀರು ಮುಚ್ಚಿಕೊಂಡು ನಯವಾಯಿತು. ಒಂದು ಗುಳ್ಳೆ ಬಂತು. ಆಮೇಲೆ ಅದೂ ಬರಲಿಲ್ಲ.

ತುಳಸಿಬಾಯಿ ಮುಂದಕ್ಕೆ ಬಾಗಿದ್ದರು. ಮುಳುಗಿದವಳು ಎದುರು ಗೋಡೆಯ ಬುಡದಲ್ಲಿ ತಲೆಯೆತ್ತಿ, ಮುಖದ ಮೇಲಿನ ಕೂದಲು ಸರಿಸಿ ಇತ್ತ ನೋಡಿ ಕೈ ಬೀಸಿದಾಗ, ಪ್ರಾಣೇಶ ಕೈ ಎತ್ತಲು ಹೋದ. ಏಳಲಿಲ್ಲ. ಮಡಿಯಲ್ಲಿದ್ದ ತಾಯಿ ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದರು. ಬಿಡಬೇಕೆಂದು ಅವರಿಗೆ ನೆನಪಾಗಲಿಲ್ಲ, ಅವನೂ ನೆನಪಿಸಲಿಲ್ಲ.